ನಾನು ಕೂಗಿದ ಜಾಗ

ಮನುಷ್ಯನ ಮೈಮೇಲೆ ಏಟು ಬಿದ್ದಾಗ ಬರುವ ಸದ್ದು ನಾವು ಅಂದುಕೊಂಡ ಹಾಗಿರುವುದಿಲ್ಲ. ಒದ್ದೆ ಗೋಣಿಚೀಲವನ್ನು ನೆಲಕ್ಕೆ ಹಾಕಿದ ಹಾಗಿರುತ್ತದೆ. ಮೂಳೆಯಿರುವಲ್ಲಿ ಬಿದ್ದರೆ ಮಾತ್ರ ಬೇರೆ ಥರ ಕೇಳುತ್ತದೆ. ನೈರೋಬಿಗೆ ಹೋದ ಆರನೆಯ ವಾರದಲ್ಲಿ ಈ ಎರಡೂ ಸದ್ದುಗಳನ್ನು ಕೇಳಿದೆ. ಅವುಗಳಲ್ಲಿ ಒಂದು ಏಟು ನನ್ನದು. ಆ ಸಂಜೆಯ ಸಂಗತಿಯನ್ನು ಹಲವರಿಗೆ ಹೇಳಿದ್ದೇನೆ, ಪ್ರತಿ ಸಲವೂ ಏನಾದರೊಂದನ್ನು ಬಿಟ್ಟು. ಇಲ್ಲಿ ಬಿಡದೆ, ಆದ ಕ್ರಮದಲ್ಲೇ ಬರೆಯಲು ನೋಡುತ್ತೇನೆ.

ನನಗಾಗ ಇಪ್ಪತ್ನಾಲ್ಕು ವರ್ಷ. ಇಂಡಸ್ಟ್ರಿಯಲ್ ಏರಿಯಾದ ಒಂದು ಔಷಧ ಕಾರ್ಖಾನೆಯಲ್ಲಿ ಮಾತ್ರೆಗಳನ್ನು ಪರೀಕ್ಷೆ ಮಾಡುವ ಕೆಲಸ. ಮಾತ್ರೆ ಎಷ್ಟು ತೂಗುತ್ತದೆ, ಎಷ್ಟು ಒತ್ತಿದರೆ ಒಡೆಯುತ್ತದೆ, ನೀರಿನಲ್ಲಿ ಕರಗಲು ಎಷ್ಟು ನಿಮಿಷ ಬೇಕು, ಇದನ್ನು ನೋಡಿ ಬರೆದಿಡುವುದು. ಕಂಡದ್ದನ್ನು ಮಾತ್ರ ಬರೆಯಬೇಕು, ಅಂದುಕೊಂಡದ್ದನ್ನು ಬರೆಯಬಾರದು ಎಂಬುದು ಆ ಕೆಲಸದ ಮೊದಲ ಪಾಠ. ಕಾರ್ಖಾನೆಯ ಒಳಗೆ ನಾನು ಅದನ್ನು ಚೆನ್ನಾಗಿ ಪಾಲಿಸುತ್ತಿದ್ದೆ.

ಸೌತ್ ಬಿ ಎಂಬ ಬಡಾವಣೆಯಲ್ಲಿ ಕಂಪನಿ ಕೊಟ್ಟ ಮನೆಯಲ್ಲಿ ನಾವು ಮೂವರಿದ್ದೆವು. ಪ್ಯಾಕಿಂಗ್ ವಿಭಾಗದ ಮ್ಯಾನೇಜರ್ ಮೈಸೂರಿನವರು, ನೈರೋಬಿಗೆ ಬಂದು ಎಂಟು ವರ್ಷವಾಗಿತ್ತು. ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್ ಮಂಗಳೂರಿನವನು, ನನಗಿಂತ ನಾಲ್ಕೈದು ವರ್ಷ ದೊಡ್ಡವನು. ನಾನು ದಾವಣಗೆರೆಯವನಾದ್ದರಿಂದ ಅವರಿಬ್ಬರಿಗೂ ಮೊದಲ ದಿನದಿಂದಲೇ ಬೆಣ್ಣೆದೋಸೆಯಾದೆ.

"ಫೋನ್ ಪ್ಯಾಂಟ್ ಜೇಬಲ್ಲಿ ಇಟ್ಕೊಂಡು ರೋಡಲ್ಲಿ ನಡೀತೀಯಾ ಬೆಣ್ಣೆದೋಸೆ? ಹಾಗಾದ್ರೆ ಅದು ನಿಂದಲ್ಲ ಅಂತ ಇವತ್ತೇ ತಿಳ್ಕೊ," ಎಂದರು ಮೈಸೂರಿನವರು ಮೊದಲ ರಾತ್ರಿಯ ಊಟದಲ್ಲಿ.

"ಮತ್ತೆ ಎಲ್ಲಿಡೋದು ಸರ್?"

ಅವರು ಎದ್ದು ಹೋಗಿ ತಮ್ಮ ಊಟದ ಕ್ಯಾರಿಯರ್ ತಂದು ಮೇಜಿನ ಮೇಲಿಟ್ಟರು. ಮೂರು ಡಬ್ಬಿಗಳ ಸ್ಟೀಲಿನ ಕ್ಯಾರಿಯರ್. "ಊಟ ಆಯ್ತಾ, ಮೇಲಿನ ಡಬ್ಬಿ ತೊಳಿ, ಒರೆಸು, ಫೋನ್‌ನ ಕರ್ಚೀಫಲ್ಲಿ ಸುತ್ತಿ ಒಳಗಿಡು. ಕ್ಲಿಪ್ ಹಾಕು. ಎಂಟು ವರ್ಷ ಆಯ್ತಪ್ಪ, ಅನ್ನದ ಡಬ್ಬಿ ಕಿತ್ಕೊಂಡು ಓಡೋ ಕಳ್ಳನ್ನ ನಾನಿನ್ನೂ ನೋಡಿಲ್ಲ."

"ಅದಕ್ಕೇ ಮಾರಾಯ ಇವರ ಫೋನಿಗೆ ಹುಳಿ ವಾಸನೆ. ಹೆಂಡತಿ ಹಲೋ ಅಂದ್ರೆ ಸಾಕು, ಇವರಿಗೆ ಹಸಿವಾಗ್ತದೆ," ಎಂದ ಮಂಗಳೂರಿನವನು.

"ನಗು ನಗು. ಹೋದ ವರ್ಷ ಎರಡು ಫೋನ್ ಕಳ್ಕೊಂಡೋನು ಯಾರು?"

ಆಮೇಲೆ ಸ್ವಾಹಿಲಿಯ ಒಂದು ಮಾತು ಕಲಿಸಿದರು. ಯಾರಾದರೂ ಕಿತ್ತುಕೊಂಡು ಓಡಿದರೆ ಹಿಂದೆ ಓಡಬಾರದು. ನಿಂತಲ್ಲೇ ನಿಂತು ಮ್ವಿಜಿ ಎಂದು ಕೂಗಬೇಕು. ಕಳ್ಳ ಎಂದರ್ಥ. "ಮಿಕ್ಕಿದ್ದು ಜನ ನೋಡ್ಕೋತಾರೆ," ಎಂದರು.

"ನೋಡ್ಕೋತಾರೆ ಅಂದ್ರೆ?"

"ನಿಮ್ಮೂರಲ್ಲಿ ಸಂತೇಲಿ ಕಳ್ಳ ಸಿಕ್ಕಿಬಿದ್ರೆ ಕರೆದು ಕಾಫಿ ಕೊಡ್ತಾರಾ?"

ಕೊಡುವುದಿಲ್ಲ. ಹೈಸ್ಕೂಲಿನಲ್ಲಿದ್ದಾಗ ನಮ್ಮೂರ ಬಸ್ ನಿಲ್ದಾಣದ ಪಕ್ಕ ಒಬ್ಬನನ್ನು ದೀಪದ ಕಂಬಕ್ಕೆ ಕಟ್ಟಿದ್ದನ್ನು ನಾನು ನೋಡಿದ್ದೆ. ಬಸ್ಸಿನಿಂದ ಇಳಿದವರು ಏನು ಎತ್ತ ಎಂದು ಕೇಳದೆ ಒಂದೊಂದು ಏಟು ಹಾಕಿ ತಮ್ಮ ದಾರಿ ಹಿಡಿಯುತ್ತಿದ್ದರು. ಅದು ನೆನಪಾಯಿತು. ನೆನಪಾದರೂ ನಾನು ಆ ಮಾತನ್ನು ಕಲಿತೆ. ಊಟ ಮುಗಿಯುವುದರೊಳಗೆ ಮೂರು ಸಲ ನನ್ನಿಂದ ಹೇಳಿಸಿದರು. ಮೂರನೆಯ ಸಲ ಮಂಗಳೂರಿನವನು, "ಸ್ವಲ್ಪ ಜೋರಾಗಿ ಹೇಳು, ನೀನು ಕಳ್ಳನಿಗೆ ಗುಟ್ಟು ಹೇಳುವುದಲ್ಲ," ಎಂದ. ನಕ್ಕೆವು.

ಆರನೆಯ ವಾರದ ಗುರುವಾರ ಕಂಪನಿಯ ವ್ಯಾನ್ ಕೆಟ್ಟಿತ್ತು. ಅವರಿಬ್ಬರಿಗೂ ಸಂಜೆಯ ಮೀಟಿಂಗ್ ಇತ್ತು. ನಾನೊಬ್ಬನೇ ಮಟಾಟು ಎಂಬ ಬಾಡಿಗೆ ವ್ಯಾನುಗಳು ನಿಲ್ಲುವ ಜಾಗಕ್ಕೆ ನಡೆದೆ. ರಸ್ತೆಯ ಒಂದು ಕಡೆ ವೆಲ್ಡಿಂಗ್ ಶೆಡ್‌ಗಳು, ಹಳೆ ಟೈರಿನ ಅಂಗಡಿ. ಇನ್ನೊಂದು ಕಡೆ ಇದ್ದಿಲ ಒಲೆಯಿಟ್ಟುಕೊಂಡು ಮೆಕ್ಕೆಜೋಳ ಸುಡುವ ಹೆಂಗಸು. ಐವತ್ತರ ಹತ್ತಿರದ ವಯಸ್ಸು, ಎಲ್ಲರೂ ಮಾಮಾ, ಅಂದರೆ ಅಮ್ಮ, ಎನ್ನುತ್ತಿದ್ದರು. ನಾನೂ ಎರಡು ಸಲ ಅವಳ ಹತ್ತಿರ ಜೋಳ ಕೊಂಡಿದ್ದೆ. ಐದೂ ಮುಕ್ಕಾಲಿನ ಹೊತ್ತು. ಬೆಳಕು ಚೆನ್ನಾಗಿತ್ತು.

ಹಿಂದಿನಿಂದ ಒಬ್ಬ ಓಡಿಬಂದು ನನ್ನ ಬಲ ಭುಜಕ್ಕೆ ಡಿಕ್ಕಿ ಹೊಡೆದ. ನೀಲಿ ಓವರಾಲ್ ತೊಟ್ಟಿದ್ದ. ನಿಲ್ಲದೆ, ತಿರುಗದೆ, ಏನೋ ಒಂದು ಮಾತು ಎಸೆದು ಮುಂದಕ್ಕೆ ಓಡಿದ. ನಾನು ಜೇಬು ಮುಟ್ಟಿಕೊಂಡೆ. ಖಾಲಿ.

ಫೋನನ್ನು ಮಧ್ಯಾಹ್ನವೇ ನನ್ನ ಊಟದ ಕ್ಯಾರಿಯರಿನಲ್ಲಿ ಇಟ್ಟಿದ್ದೆ. ಆರು ವಾರದಲ್ಲಿ ಅದು ಕೈಗೆ ರೂಢಿಯಾಗಿಬಿಟ್ಟಿತ್ತು, ಕೈ ಇಟ್ಟದ್ದು ತಲೆಗೆ ಗೊತ್ತಿರಲಿಲ್ಲ. ಹಳೆಯ ರೂಢಿಯ ಇನ್ನೊಂದು ಕೈ ಜೇಬನ್ನು ಮುಟ್ಟಿತು. ನಾನು ಕೂಗಿದೆ. ಮೂರು ಸಲ ಕೂಗಿದೆ. ನನ್ನ ಗಂಟಲಿನಿಂದ ಅಂಥ ದನಿ ಅದಕ್ಕೆ ಮುಂಚೆ ಬಂದಿರಲಿಲ್ಲ.

ಟೈರಿನ ಅಂಗಡಿಯವನೊಬ್ಬ ಕಾಲು ಚಾಚಿದ. ಓಡುತ್ತಿದ್ದವನು ಮುಗ್ಗರಿಸಿ ಅಂಗೈ ಊರಿ ಬಿದ್ದ. ಏಳುವ ಮೊದಲೇ ಒಬ್ಬ ಬೆನ್ನಿನ ಮೇಲೆ ಮಂಡಿಯೂರಿದ. ಮಟಾಟುವಿಗೆ ಕಾಯುತ್ತಿದ್ದ ಸಾಲು ಒಡೆದು ಅತ್ತ ಹರಿಯಿತು. ಟೈ ಕಟ್ಟಿದವರಿದ್ದರು, ಕೈಯಲ್ಲಿ ಸೊಪ್ಪಿನ ಕಟ್ಟು ಹಿಡಿದವರಿದ್ದರು. ಒಬ್ಬ ತನ್ನ ಸೊಪ್ಪನ್ನು ಪಕ್ಕದವನ ಕೈಗೆ ಕೊಟ್ಟು ಬಂದು ಪಕ್ಕೆಗೆ ಒದ್ದು, ಮತ್ತೆ ಸೊಪ್ಪು ಇಸಿದುಕೊಂಡ. ಬಿದ್ದವನ ಜೇಬುಗಳನ್ನು ಹುಡುಕಿದರು. ಒಂದು ಚರ್ಮದ ಕೈಗವಸು ಸಿಕ್ಕಿತು, ಕಾಗದದಲ್ಲಿ ಸುತ್ತಿದ ಬ್ರೆಡ್ ಸಿಕ್ಕಿತು. ಫೋನ್ ಸಿಗಲಿಲ್ಲ. ಸಿಗದಿದ್ದದ್ದರಿಂದ ಬಿಡುತ್ತಾರೆ ಎಂದುಕೊಂಡೆ. ಇನ್ನೊಬ್ಬನಿಗೆ ದಾಟಿಸಿದ್ದಾನೆ ಎಂದು ಯಾರೋ ಇಂಗ್ಲಿಷಿನಲ್ಲಿ ನನಗೇ ವಿವರಿಸಿದರು. ಅದಾದ ಮೇಲೆ ಏಟುಗಳು ಜೋರಾದವು.

ಅವನು ಮುಖ ಮುಚ್ಚಿಕೊಳ್ಳಲು ಎರಡು ಕೈಗಳನ್ನೂ ಅಡ್ಡ ಹಿಡಿದಿದ್ದ. ಒಬ್ಬ ಬೆಲ್ಟ್ ಬಿಚ್ಚಿ ಅದರ ಬಕಲ್ ಇರುವ ತುದಿಯಿಂದ ಆ ಕೈಗಳ ಮೇಲೆ ಹೊಡೆದ. ಕೈ ಸರಿದಾಗ ಬಲಗಣ್ಣಿನ ಮೇಲೆ ಬೂಟು ಬಿತ್ತು. ಹುಬ್ಬು ಸೀಳಿ ಬಿಳಿಯದೇನೋ ಒಂದು ಕ್ಷಣ ಕಂಡಿತು, ಆಮೇಲೆ ರಕ್ತ ತುಂಬಿ ಕಾಣದಾಯಿತು.

ನನ್ನನ್ನು ನೋಡಿ ಜನ ದಾರಿ ಬಿಟ್ಟರು. ಕಳೆದುಕೊಂಡವನಿಗೆ ಅಲ್ಲೊಂದು ಹಕ್ಕಿರುತ್ತದೆ. ಯಾರೋ ನನ್ನ ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳಿದರು, ಮೆಲ್ಲಗೆ, ಮದುವೆ ಮನೆಯಲ್ಲಿ ಊಟಕ್ಕೆ ಕೂರಿಸುವ ಹಾಗೆ. "ಪಿಗಾ," ಎಂದರು. ಹೊಡಿ ಎಂದರ್ಥವಿರಬೇಕೆಂದು ಯಾರೂ ಹೇಳದೆ ತಿಳಿಯಿತು. ಕೈಯಲ್ಲಿದ್ದದ್ದು ಕ್ಯಾರಿಯರ್ ಇದ್ದ ಬಟ್ಟೆಚೀಲ. ಅದನ್ನೇ ಬೀಸಿದೆ. ಅದು ಅವನ ಎಡ ಮುಂಗೈಗೆ ಬಿತ್ತು. ಮೂಳೆಯ ಸದ್ದು ಕೇಳಿತು. ಅವನು ಕೂಗಲಿಲ್ಲ. ಕೈಗಳ ನಡುವಿನಿಂದ ಇನ್ನೂ ತೆರೆದಿದ್ದ ಒಂದು ಕಣ್ಣಿನಲ್ಲಿ ನನ್ನನ್ನು ನೋಡಿದ.

ಆಗ ನನ್ನ ಚೀಲದೊಳಗೆ ಫೋನ್ ಬಡಿದುಕೊಂಡಿತು.

ಊರಿನಲ್ಲಿ ಎಂಟೂಕಾಲು. ಹೊಲಿಗೆ ಅಂಗಡಿಯ ಬಾಗಿಲು ಹಾಕಿ ಅಕ್ಕ ದಿನವೂ ಆ ಹೊತ್ತಿಗೆ ಫೋನ್ ಮಾಡುತ್ತಿದ್ದಳು. ಡಬ್ಬಿಯೊಳಗೆ ಕಣಜದ ಹುಳು ಸಿಕ್ಕಿಕೊಂಡ ಹಾಗೆ ಸದ್ದು. ಆ ಗಲಾಟೆಯಲ್ಲಿ ಅದು ನನಗೆ ಕೇಳಿತು, ಕೈಗೂ ನಡುಕವಾಗಿ ತಿಳಿಯಿತು. ನಾನು ಚೀಲವನ್ನು ಹೊಟ್ಟೆಗೆ ಅವುಚಿಕೊಂಡೆ. ಸದ್ದು ಹೊರಗೆ ಹೋಗದಿರಲಿ ಎಂದು ಎರಡೂ ಕೈ ಸುತ್ತಿದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಕರೆ ಪೂರ್ತಿ ಬಡಿದು ನಿಂತಿತು. ಅಕ್ಕ ಮತ್ತೆ ಮಾಡುವವರೆಗೆ ಒಂದು ನಿಮಿಷ ಕಳೆದಿರಬೇಕು. ಆ ನಿಮಿಷದಲ್ಲಿ ಕಂಡದ್ದನ್ನು ಬರೆಯುತ್ತೇನೆ. ಬೆಲ್ಟಿನವನು ಆರು ಸಲ ಹೊಡೆದ. ಇನ್ನೊಬ್ಬ ಎರಡೂ ಕೈಯಲ್ಲಿ ಕಲ್ಲೆತ್ತಿ ತೊಡೆಯ ಮೇಲೆ ಹಾಕಿದ. ಬಿದ್ದವನು ಒಂದು ಕಡೆಗೆ ಉರುಳಿ ವಾಂತಿ ಮಾಡಿದ. ಟೈರಿನ ಅಂಗಡಿಯ ಕಡೆಯಿಂದ ಒಬ್ಬ ಹಳೆ ಟೈರನ್ನು ಉರುಳಿಸಿಕೊಂಡು ಬಂದ. ಅದು ಯಾಕೆಂದು ನನಗೆ ತಿಳಿಯಲಿಲ್ಲ. ಸುತ್ತ ನಿಂತವರಿಗೆ ತಿಳಿಯಿತು. ಕೆಲವರು ಹಿಂದೆ ಸರಿದರು, ಒಬ್ಬಳು ಮಗುವಿನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. ಇನ್ನೊಬ್ಬ ಪೆಟ್ರೋಲ್ ಎಂದ. ಆ ಟೈರು ಅವನ ಕೊರಳಿಗೆ ಎಂದು ಆಗ ನನಗೂ ತಿಳಿಯಿತು.

ನಾನು ಬಾಯಿ ತೆರೆಯಲಿಲ್ಲ. ಕಳ್ಳ ಎನ್ನುವುದನ್ನಷ್ಟೇ ಕಲಿತಿದ್ದೆ, ಕಳ್ಳನಲ್ಲ ಎನ್ನಲು ಮಾತು ಗೊತ್ತಿರಲಿಲ್ಲ ಎಂದು ಮುಂದೆ ಹಲವರಿಗೆ ಹೇಳಿದ್ದೇನೆ. ಅದು ನೆಪ. ಅಲ್ಲಿದ್ದ ಅರ್ಧ ಜನಕ್ಕೆ ನನಗಿಂತ ಚೆನ್ನಾಗಿ ಇಂಗ್ಲಿಷ್ ಬರುತ್ತಿತ್ತು. ನೋ ಎಂದಿದ್ದರೂ ಸಾಕಿತ್ತು. ಆ ಟೈರು ನನ್ನ ಕಡೆಗೆ ತಿರುಗೀತು ಎಂದು ಹೆದರಿದ್ದೆ, ಅಷ್ಟೇ.

ಫೋನ್ ಮತ್ತೆ ಬಡಿದುಕೊಂಡಿತು. ಯಾರೋ ನನ್ನ ತೋಳು ಹಿಡಿದರು. ಮೆಕ್ಕೆಜೋಳದ ಮಾಮಾ. ಅವಳು ಯಾವಾಗ ಬಂದು ನನ್ನ ಹಿಂದೆ ನಿಂತಿದ್ದಳೋ ತಿಳಿಯದು. ಚೀಲವನ್ನು ನೋಡಿದಳು, ನನ್ನ ಮುಖ ನೋಡಿದಳು. ಚೀಲ ಕಿತ್ತುಕೊಂಡು ಕ್ಯಾರಿಯರ್ ಹೊರಗೆಳೆದಳು. ಏಟಿಗೆ ಮುಚ್ಚಳ ಸೊಟ್ಟಗಾಗಿ ಕ್ಲಿಪ್ ಬಿಗಿದುಕೊಂಡಿತ್ತು. ಅವಳು ಅದನ್ನು ಕಲ್ಲಿಗೆ ಕುಟ್ಟಿ ತೆಗೆದಳು. ಕರ್ಚೀಫ್ ಬಿಚ್ಚಿ, ಹೊಡೆದುಕೊಳ್ಳುತ್ತಿದ್ದ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು ಜನರ ನಡುವೆ ನುಗ್ಗಿದಳು. ಏನು ಹೇಳಿದಳೋ ನನಗೆ ಅರ್ಥವಾಗಲಿಲ್ಲ. ಬೆಲ್ಟಿನವನನ್ನು ಎದೆಗೆ ಕೈಯಿಟ್ಟು ದೂಡಿದಳು. ಆಮೇಲೆ ಬಿದ್ದವನ ತಲೆಯ ಹತ್ತಿರ, ಆ ವಾಂತಿಯ ಮೇಲೆಯೇ, ಕೂತುಬಿಟ್ಟಳು. ಅವಳ ಕೈಯಲ್ಲಿ ಫೋನು ಅಕ್ಕನ ಮುಖ ತೋರಿಸುತ್ತಾ ಬಡಿದುಕೊಳ್ಳುತ್ತಲೇ ಇತ್ತು.

ಮೊದಲ ಏಟು ನನ್ನ ಕಿವಿಯ ಮೇಲೆ ಬಿತ್ತು. ಎರಡನೆಯದಕ್ಕೆ ಕೆಳತುಟಿ ಹಲ್ಲಿಗೆ ಸಿಕ್ಕಿ ಸೀಳಿತು. ಅದನ್ನು ಕೊಟ್ಟವನು ನನ್ನ ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳಿದವನೇ. ಇನ್ನೂ ಬೀಳುತ್ತಿದ್ದವೇನೋ, ಅಷ್ಟರಲ್ಲಿ ಒಂದು ಮಟಾಟುವಿನ ಕಂಡಕ್ಟರ್ ತನ್ನ ಗಾಡಿಯ ತಗಡನ್ನು ಬಡಿಬಡಿದು ಪ್ರಯಾಣಿಕರನ್ನೆಲ್ಲ ಇಳಿಸಿದ. ಬಿದ್ದವನನ್ನು ಎತ್ತಲು ನಾಲ್ಕು ಜನ ಬೇಕಾಯಿತು. ಅವರಲ್ಲಿ ಬೆಲ್ಟಿನವನೂ ಒಬ್ಬ. ಮಾಮಾ ಒಲೆಯನ್ನು ಉರಿಯುತ್ತಿದ್ದ ಹಾಗೇ ಬಿಟ್ಟು ಗಾಡಿ ಹತ್ತಿದಳು. ಹತ್ತುವ ಮೊದಲು ಫೋನನ್ನು ನನ್ನ ಕಾಲ ಬಳಿ ನೆಲಕ್ಕಿಟ್ಟಳು, ಎಸೆಯಲಿಲ್ಲ. ನಾನು ಹತ್ತಲಿಲ್ಲ. ಫೋನ್ ಎತ್ತಿಕೊಂಡು, ಚೀಲ ಎತ್ತಿಕೊಂಡು, ನಡೆದೇ ಮನೆಗೆ ಹೋದೆ.

ಮೈಸೂರಿನವರು ಎಲ್ಲವನ್ನೂ ಕೇಳಿದರು. "ಆಫೀಸಲ್ಲಿ ಬಾಯಿ ಬಿಡಬೇಡ. ನಾಳೆಯಿಂದ ವ್ಯಾನ್ ಇಲ್ಲದಿದ್ರೆ ಟ್ಯಾಕ್ಸಿ. ಆ ರೋಡೇ ಬೇಡ."

"ಅವನು ಸತ್ರೆ?" ಎಂದ ಮಂಗಳೂರಿನವನು.

"ಸತ್ತಿಲ್ವಲ್ಲ."

"ನಿಮಗೆ ಹೇಗೆ ಗೊತ್ತು?"

ಮೈಸೂರಿನವರು ಎದ್ದರು. ನನ್ನ ಕ್ಯಾರಿಯರ್ ತೆಗೆದುಕೊಂಡು ಅಡುಗೆಮನೆಗೆ ಹೋಗಿ ತೊಳೆಯತೊಡಗಿದರು. ಅದಕ್ಕೆ ರಕ್ತ ತಾಗಿರಲಿಲ್ಲ. ಆದರೂ ಮೂರು ಸಲ ತೊಳೆದರು. ಬೆನ್ನು ತಿರುಗಿಸಿಕೊಂಡೇ, "ಕೂಗೋದು ಹೇಳ್ಕೊಟ್ಟೋನು ನಾನಪ್ಪ," ಎಂದರು. ಅದಾದ ಮೇಲೆ ಅವರು ನನ್ನನ್ನು ಬೆಣ್ಣೆದೋಸೆ ಎಂದು ಕರೆಯಲಿಲ್ಲ.

ಸೋಮವಾರ ಮಧ್ಯಾಹ್ನ ರಜೆ ಹಾಕಿ ಮಾಮಾಳ ಹತ್ತಿರ ಹೋದೆ. ಅವಳು ಒಲೆಗೆ ಬೀಸಣಿಗೆ ಬೀಸುತ್ತಿದ್ದಳು. ನಾನು ನಿಂತೇ ಇದ್ದೆ. ಇಬ್ಬರು ಗಿರಾಕಿಗಳಿಗೆ ಜೋಳ ಕೊಟ್ಟ ಮೇಲೆ ಇಂಗ್ಲಿಷಿನಲ್ಲಿ, "ಬದುಕಿದ್ದಾನೆ," ಎಂದಳು. "ಕೇಳೋಕೆ ನಾಲ್ಕು ದಿನ ಬೇಕಾಯ್ತಾ?"

ಟೈರಿನ ಅಂಗಡಿಯವನಿಗೆ ಒಲೆ ನೋಡಿಕೊಳ್ಳಲು ಹೇಳಿ ನನ್ನನ್ನು ಕರೆದುಕೊಂಡು ಹೋದಳು. ಚರಂಡಿ ದಾಟಿ, ತಗಡಿನ ಮನೆಗಳ ಸಾಲಿನ ಕೊನೆಯ ಕೋಣೆ. ಅವನು ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಎಡಗೈಗೆ ಮೊಣಕೈಯವರೆಗೆ ಪ್ಲಾಸ್ಟರ್. ಬಲಗಣ್ಣು ಮುಚ್ಚಿಹೋಗಿತ್ತು, ಹುಬ್ಬಿನಲ್ಲಿ ಒಂಬತ್ತು ಹೊಲಿಗೆ. ಮೂವತ್ತು ದಾಟಿದವನು. ಆ ಕೈ ಮುರಿದದ್ದು ಬೆಲ್ಟಿನ ಬಕಲಿನಿಂದಲೋ ನನ್ನ ಕ್ಯಾರಿಯರಿನಿಂದಲೋ ನನಗೆ ತಿಳಿಯದು. ಕೇಳುವ ಧೈರ್ಯ ಬರಲಿಲ್ಲ.

ಅವನು ಪಶ್ಚಿಮದ ಸರೋವರದ ಕಡೆಯ ಊರಿನಿಂದ ಬಂದು ಮೂರು ವಾರವಾಗಿತ್ತಂತೆ. ಆ ರಸ್ತೆಯ ಒಂದು ಶೆಡ್ಡಿನಲ್ಲಿ ಕಿಟಕಿಯ ಕಂಬಿಗಳಿಗೆ ವೆಲ್ಡಿಂಗ್ ಮಾಡುತ್ತಿದ್ದ. ನನಗಿಂತಲೂ ಹೊಸಬ. ಹಾಗಾಗಿಯೇ ಆ ಗುಂಪಿನಲ್ಲಿ ಇವನು ನಮ್ಮವನು ಎನ್ನುವವರು ಒಬ್ಬರೂ ಇರಲಿಲ್ಲ. ಗಾಡಿ ಹೊರಡುತ್ತಿತ್ತೆಂದು ಓಡಿದ್ದ.

"ನಿನಗೆ ಡಿಕ್ಕಿ ಹೊಡೆದಾಗ ಪೋಲೆ ಅಂದೆ," ಎಂದ. "ಕ್ಷಮಿಸು ಅಂತ. ಕೇಳಲಿಲ್ವಾ?"

"ಕೇಳಿತು. ಅರ್ಥ ಆಗಲಿಲ್ಲ," ಎಂದೆ.

ಆಸ್ಪತ್ರೆಯ ಖರ್ಚು ಕೊಡುತ್ತೇನೆ ಎಂದೆ. "ಕೊಡು. ಅದು ನೀನು ಕೊಡಬೇಕಾದದ್ದೇ," ಎಂದ. "ನಾನು ಕೇಳೋದು ಬೇರೆ."

ಮಾಮಾ ಬಿಡಿಸಿ ಹೇಳಿದಳು. ನನ್ನ ಕೂಗನ್ನು ಇಡೀ ರಸ್ತೆ ಕೇಳಿತ್ತು. ಫೋನ್ ಎತ್ತಿ ಹಿಡಿದದ್ದನ್ನು ನೋಡಿದವರು ಹತ್ತು ಹನ್ನೆರಡು ಜನ, ಅವರಲ್ಲೂ ಅರ್ಧ ಜನ ದಾರಿಹೋಕರು. ಶೆಡ್ಡಿನ ಯಜಮಾನನಿಗೆ ಸುದ್ದಿ ಮುಟ್ಟಿದ್ದು ಒಂದೇ ಮಾತಿನಲ್ಲಿ: ನಿನ್ನ ಹೊಸ ಆಳು ಕಳ್ಳ. ಅವಳು ಹೋಗಿ ಹೇಳಿದರೆ, ನೀನು ಅವನ ಕಡೆಯವಳು ಎಂದನಂತೆ. ಆ ರಸ್ತೆಗೆ ಇವನು ಮತ್ತೆ ಕಾಲಿಟ್ಟರೆ ಯಾರಾದರೂ ಗುರುತು ಹಿಡಿಯುತ್ತಾರೆ. ಎರಡನೆಯ ಸಲ ಯಾರ ಫೋನೂ ಬಡಿದುಕೊಳ್ಳುವುದಿಲ್ಲ.

"ನೀನು ಎಲ್ಲಿ ಕೂಗಿದೆಯೋ ಅಲ್ಲಿ ನಿಂತು ಕೂಗು," ಎಂದ ಅವನು. "ಅದೇ ಹೊತ್ತಿನಲ್ಲಿ."

"ಅವರು ನನಗೆ ಹೊಡೀತಾರೆ."

"ಹೊಡೀಬಹುದು," ಎಂದ.

ಅವನು ನಡೆಯುವಂತಾಗಲು ಇನ್ನೂ ಹನ್ನೊಂದು ದಿನ ಬೇಕಾಯಿತು. ಅಷ್ಟರಲ್ಲಿ ಮಾಮಾ ನನಗೆ ಎರಡು ವಾಕ್ಯ ಕಲಿಸಿದಳು. ಹುಯು ಸಿ ಮ್ವಿಜಿ: ಇವನು ಕಳ್ಳನಲ್ಲ. ನಿಲಿಕೊಸೆಯಾ ಮಿಮಿ: ತಪ್ಪು ಮಾಡಿದವನು ನಾನು. ಮೈಸೂರಿನವರಿಗೆ ಹೇಳಿದಾಗ ಬೇಡವೆಂದರು, ತಲೆ ಕೆಟ್ಟಿದೆಯಾ ಎಂದರು. ಆ ದಿನ ಐದೂ ಮುಕ್ಕಾಲಿಗೆ ಟೈರಿನ ಅಂಗಡಿಯ ಎದುರು ನಾನು ಹೋಗಿ ನಿಂತಾಗ ಅವರೂ ಮಂಗಳೂರಿನವನೂ ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದರು. ಇಬ್ಬರ ಕೈಯಲ್ಲೂ ಕ್ಯಾರಿಯರ್ ಇತ್ತು.

ಅವನು ನನ್ನ ಪಕ್ಕ ಎರಡು ಮಾರು ದೂರದಲ್ಲಿ ನಿಂತ. ಮಾಮಾ ಒಲೆ ಬಿಟ್ಟು ಎದ್ದಳು. ಅವನನ್ನು ಗುರುತಿಸಿದವರು ಆಗಲೇ ಇದ್ದರು. ಒಬ್ಬ ಇನ್ನೊಬ್ಬನ ಪಕ್ಕೆ ತಿವಿದ, ಒಬ್ಬ ಬಗ್ಗಿ ನೆಲದಿಂದ ಏನನ್ನೋ ಎತ್ತಿಕೊಂಡ. ನಾನು ಬಾಯಿ ತೆರೆದೆ. ಗಾಳಿ ಬಂತು, ದನಿ ಬರಲಿಲ್ಲ. ಎರಡನೆಯ ಸಲ ಹೇಳಿದೆ. ಹತ್ತಿರದ ನಾಲ್ವರಿಗೆ ಕೇಳಿರಬೇಕು.

"ಇನ್ನೂ ಜೋರಾಗಿ," ಎಂದ ಅವನು ಇಂಗ್ಲಿಷಿನಲ್ಲಿ, ನನ್ನತ್ತ ನೋಡದೆ. "ಅವತ್ತು ಇದಕ್ಕಿಂತ ಜೋರಾಗಿತ್ತು."

ಸೊಟ್ಟಗಾದ ಕ್ಯಾರಿಯರನ್ನು ತಲೆಯ ಮೇಲೆ ಎತ್ತಿ ಹಿಡಿದು ಕೂಗಿದೆ. ಮತ್ತೆ ಕೂಗಿದೆ. ಮಟಾಟುವಿನ ಸಾಲು ತಿರುಗಿತು. ಕಲ್ಲೊಂದು ಬಂದು ನನ್ನ ಮೊಣಕಾಲಿನ ಕೆಳಗೆ ಬಿತ್ತು. ಯಾರೋ ನನ್ನ ಕಾಲರ್ ಹಿಡಿದು, ಗೋಡೆಗೆ ಒತ್ತಿ, ಮುಖಕ್ಕೆ ಮುಖವಿಟ್ಟು ಕೇಳಿದರು: ಹಾಗಾದರೆ ಫೋನ್ ಎಲ್ಲಿತ್ತು? ನಾನು ಡಬ್ಬಿಯ ಮುಚ್ಚಳ ತೆಗೆದು ತೋರಿಸಿದೆ. ಅವನು ಒಳಗೆ ನೋಡಿದ. ನಗಲಿಲ್ಲ. ಕೈ ಬೀಸಿ ಕೆನ್ನೆಗೆ ಹೊಡೆದ, ಸೀಳಿದ್ದ ತುಟಿ ಮತ್ತೆ ಬಿಚ್ಚಿಕೊಂಡಿತು. ಬಾಯಲ್ಲಿ ರಕ್ತವಿದ್ದಾಗ ಆ ವಾಕ್ಯಗಳನ್ನು ಹೇಳುವುದು ಕಷ್ಟ, ಆದರೂ ಹೇಳಲು ಬರುತ್ತದೆ. ಒಟ್ಟು ಎಷ್ಟು ಸಲ ಕೂಗಿದೆನೋ ಲೆಕ್ಕವಿಲ್ಲ. ಶೆಡ್ಡಿನೊಳಗಿಂದ ಯಜಮಾನ ಹೊರಗೆ ಬರುವವರೆಗೆ ಕೂಗಿದೆ.

ಯಜಮಾನ ಕೈ ಒರೆಸಿಕೊಳ್ಳುತ್ತಾ ನಿಂತು ಮೊದಲು ನನ್ನನ್ನು ನೋಡಿದ, ಆಮೇಲೆ ಅವನ ಪ್ಲಾಸ್ಟರ್ ನೋಡಿದ. ಎರಡು ಮಾತು ಹೇಳಿ ಒಳಗೆ ಹೋದ. ಏನೆಂದು ಮಾಮಾಳನ್ನು ಕೇಳಿದೆ.

"ಕೈ ಬಿಚ್ಚಿದ ಮೇಲೆ ಬಾ ಅಂದ."

ಅವನು ನನ್ನ ಕಡೆ ತಿರುಗಲೂ ಇಲ್ಲ. ಆಚೆ ತುದಿಯಲ್ಲಿ ಅವನ ಕಡೆಯ ಮಟಾಟು ತುಂಬಿತ್ತು. ಕಂಡಕ್ಟರ್ ತಗಡು ಬಡಿದು ಅವಸರ ಮಾಡುತ್ತಿದ್ದ, ಗಾಡಿ ಆಗಲೇ ಉರುಳುತ್ತಿತ್ತು. ನಾಲ್ಕು ಹೆಜ್ಜೆ ಓಡಿದ್ದರೆ ಸಿಗುತ್ತಿತ್ತು. ಅವನು ಅದೇ ಜಾಗದಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗೆ ಹಿಡಿದುಕೊಂಡು ನಿಂತ. ಗಾಡಿ ಹೋಯಿತು. ಅವನು ನಿಧಾನವಾಗಿ ನಡೆದು ಸಾಲಿನ ಕೊನೆಯಲ್ಲಿ ನಿಂತುಕೊಂಡ.